ಮೊದಲು ಬಲ್ಬು, ಆಮೇಲೆ ಸ್ಪೀಕರ್

ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಎಲೆಕ್ಟ್ರಾನಿಕ್ಸ್ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಅವತ್ತು ಮೇಜಿನ ಮೇಲೆ ನಾನೇ ಕಟ್ಟಿದ ಆಂಪ್ಲಿಫೈಯರ್, ಅಂದ್ರೆ ಶಬ್ದದ ಅಲೆಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ ಇತ್ತು, ಕೈ ತೋರಿಸಿದರೆ ಸಾಕಿತ್ತು. ಓದುವವರ ಮುಂದೆ ಅದು ಇಲ್ಲ. ಹಾಗಾಗಿ ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ತಗಡಿನ ಪೆಟ್ಟಿಗೆ ಹಿಂದಿನ ಸಾಲಿನವರಿಗೂ ಕಾಣಿಸುತ್ತಿದೆ ಅಲ್ವಾ? ಪಕ್ಕದಲ್ಲಿ ಒಂದು ಹಳೇ ಸ್ಪೀಕರ್ ಇದೆ. ಎರಡರ ನಡುವೆ ವೈರ್ ಇಲ್ಲ. ಮರೆತು ಬಂದಿದ್ದಲ್ಲ, ಬೇಕು ಅಂತಲೇ ಹಾಕಿಲ್ಲ. ಕೊನೆಗೆ ಹಾಕುತ್ತೇನೆ. ಅಲ್ಲಿವರೆಗೆ ಯಾರೂ ಹಾಡು ಹಾಕಿ ಅನ್ನಬೇಡಿ.

ನಾನು ಮೇಷ್ಟ್ರಲ್ಲ. ಸಾಗರದ ಕಡೆ ಮೂವತ್ತು ವರ್ಷ ರೇಡಿಯೊ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡಿಕೊಂಡಿದ್ದವನು. ಈಗ ರಿಪೇರಿಗೆ ಯಾರೂ ಬರುವುದಿಲ್ಲ, ಹೊಸದು ತಗೊಳ್ಳುತ್ತಾರೆ. ಹಾಗಾಗಿ ನನಗೆ ಬೇಕಾದ್ದನ್ನು ನಾನೇ ಕಟ್ಟಿಕೊಂಡು ಕೂರುತ್ತೇನೆ. ಆಂಪ್ಲಿಫೈಯರ್ ಕಟ್ಟಲು ಎರಡು ಸಂಜೆ ಸಾಕು. ಅದನ್ನು ನಂಬುವ ಹಾಗಾಗಲು ಎರಡು ವಾರ ಬೇಕು. ಇವತ್ತು ಆ ಎರಡು ವಾರದ ಮಾತೇ ಜಾಸ್ತಿ.

ಮೊದಲು ವ್ಯಾಟ್ ಲೆಕ್ಕ ಮುಗಿಸಿಬಿಡೋಣ. ನಿಮ್ಮಲ್ಲಿ ಅರ್ಧ ಜನ ಮನೆಯಲ್ಲಿ 4440 ಅನ್ನುವ ಆಂಪ್ಲಿಫೈಯರ್ ಐಸಿಯ, ಅಂದ್ರೆ ಚಿಪ್ಪಿನ, ಬೋರ್ಡ್ ಕಟ್ಟಿರುತ್ತೀರಿ. ನಾನೂ ನೂರಾರು ಕಟ್ಟಿದ್ದೇನೆ. ಡಬ್ಬದ ಮೇಲೆ ಏನು ಬರೆದಿರುತ್ತದೆ? 200 ವ್ಯಾಟ್. ಕೆಲವದರ ಮೇಲೆ ಪಿಎಂಪಿಒ, ಅಂದ್ರೆ ಒಂದು ಕ್ಷಣಕ್ಕೆ ಬರುತ್ತದೆ ಅಂತ ಹೇಳಿಕೊಳ್ಳುವ ಪವರ್, ಅಂತ ಸೇರಿಸಿ ಸಾವಿರದ ಮೇಲೆ ಬರೆದಿರುತ್ತಾರೆ. ಲೆಕ್ಕ ಮಾಡಿ. 12 ವೋಲ್ಟ್ ಬ್ಯಾಟರಿ. ಸ್ಪೀಕರಿನ ಅಲೆ ನಡುವಿನಿಂದ ಮೇಲಕ್ಕೆ 6, ಕೆಳಕ್ಕೆ 6 ವೋಲ್ಟ್ ಹೋಗಬಹುದು. ಅದಕ್ಕಿಂತ ಮೇಲೆ ಹೋಗಲು ಅಲ್ಲಿ ವೋಲ್ಟೇಜೇ ಇಲ್ಲ. 6ರ ವರ್ಗ 36. ಸ್ಪೀಕರ್ 4 ಓಮ್, ಅದರ ಎರಡರಷ್ಟು 8. 36ನ್ನು 8ರಿಂದ ಭಾಗಿಸಿದರೆ ನಾಲ್ಕೂವರೆ ವ್ಯಾಟ್. ಅಷ್ಟೇ. ಎರಡು ಚಾನಲ್ಲನ್ನು ಬ್ರಿಡ್ಜ್ ಮಾಡಿದರೆ, ಅಂದ್ರೆ ಒಂದೇ ಸ್ಪೀಕರಿನ ಎರಡು ತುದಿಗೆ ಒಂದೊಂದನ್ನು ಕೊಟ್ಟರೆ, 6ರ ಬದಲು 12 ಆಗುತ್ತದೆ. 144ನ್ನು 8ರಿಂದ ಭಾಗಿಸಿ, 18 ವ್ಯಾಟ್. ಆ ಐಸಿ ಮಾಡಿದ ಸಾನ್ಯೋ ಕಂಪನಿಯವರೇ ತಮ್ಮ ಹಾಳೆಯಲ್ಲಿ ಒಂದೊಂದು ಚಾನಲ್ಲಿಗೆ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19 ವ್ಯಾಟ್ ಅಂತ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದೂ ಬ್ಯಾಟರಿ 13 ವೋಲ್ಟಿನ ಮೇಲಿದ್ದು, ಶಬ್ದ ಸ್ವಲ್ಪ ಒಡೆಯಲು ಶುರುವಾದ ಮೇಲೆ. ಉಳಿದ ನೂರ ಎಂಬತ್ತು ವ್ಯಾಟ್ ಇರುವುದು ಸ್ಟಿಕ್ಕರ್‌ನಲ್ಲಿ.

ನಮ್ಮ ಕಡೆಯವರಿಗೆ ಇದು ಚಂಡೆಯಲ್ಲಿ ಗೊತ್ತಾಗುತ್ತದೆ. ಸಿನಿಮಾ ಹಾಡು ಹಾಕಿದರೆ ಗೊತ್ತಾಗಲ್ಲ. ಅದನ್ನು ಸ್ಟುಡಿಯೊದಲ್ಲೇ ಒತ್ತಿ ಸಮ ಮಾಡಿಬಿಟ್ಟಿರುತ್ತಾರೆ. ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ. ಭಾಗವತರು ಮೆಲ್ಲಗೆ ಹಾಡುತ್ತಿರುತ್ತಾರೆ, ಸ್ಪೀಕರಿಗೆ ಹೋಗುವುದು ಅರ್ಧ ವ್ಯಾಟ್, ಒಂದು ವ್ಯಾಟ್. ಇದ್ದಕ್ಕಿದ್ದಂತೆ ಚಂಡೆಗೆ ಕೋಲು ಬೀಳುತ್ತದೆ. ಆ ಒಂದು ಕ್ಷಣಕ್ಕೆ ಮೂವತ್ತು ನಲವತ್ತು ಪಟ್ಟು ಬೇಕು. ಪೆಟ್ಟಿಗೆಯಲ್ಲಿ ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಆಗ ಚಂಡೆ ಚಂಡೆ ಆಗಿರಲ್ಲ, ಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ಕಿವಿಗೆ ಬೇಕಾದ್ದು ದಿನವಿಡೀ 50 ವ್ಯಾಟ್ ಅಲ್ಲ. ಕೋಲು ಬಿದ್ದಾಗ 50 ವ್ಯಾಟ್.

ಅದಕ್ಕೇ ಈ ಪೆಟ್ಟಿಗೆಗೆ ಎಲ್‌ಎಂ3886 ಐಸಿ ಹಾಕಿದ್ದೇನೆ. ಮೊದಲು ನ್ಯಾಷನಲ್ ಸೆಮಿಕಂಡಕ್ಟರ್ ಮಾಡುತ್ತಿತ್ತು, ಈಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಹನ್ನೊಂದು ಕಾಲಿನ ಐಸಿ. 2ಎನ್3055 ಟ್ರಾನ್ಸಿಸ್ಟರ್ ಹಾಕಿ ಯಾಕೆ ಕಟ್ಟಲಿಲ್ಲ ಅಂತ ಹಿರಿಯರು ಕೇಳಬಹುದು. ನನ್ನ ಯಜಮಾನರು, ಅಂದ್ರೆ ನನಗೆ ಕೆಲಸ ಕಲಿಸಿದವರು, ಬದುಕಿಡೀ ಆ ದುಂಡನೆಯ ಲೋಹದ ಟೋಪಿಯ ಟ್ರಾನ್ಸಿಸ್ಟರ್ ಬಿಟ್ಟು ಬೇರೆ ಹಾಕಲಿಲ್ಲ. ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಮೊದಲ ಸಲ ಕಟ್ಟುವವರಿಗೆ ತಪ್ಪನ್ನು ತಡೆದುಕೊಳ್ಳುವ ಐಸಿ ಒಳ್ಳೆಯದು. ಇದು ಬಿಸಿ ಜಾಸ್ತಿಯಾದರೆ ತಾನೇ ನಿಲ್ಲುತ್ತದೆ. ಔಟ್‌ಪುಟ್ ಶಾರ್ಟ್ ಆದರೂ ಸಾಮಾನ್ಯವಾಗಿ ಬದುಕುತ್ತದೆ. 3055 ಹಾಗಲ್ಲ, ಒಂದೇ ಏಟಿಗೆ ಹೋಗುತ್ತದೆ. ಹೋಗುವಾಗ ಸ್ಪೀಕರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಟ್ರಾನ್ಸ್‌ಫಾರ್ಮರ್ 24-0-24, 5 ಆಂಪಿಯರ್. ಏಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಒಂದು. 10,000 ಮೈಕ್ರೋಫ್ಯಾರಡ್, 50 ವೋಲ್ಟಿನ ಕೆಪಾಸಿಟರ್ ಎರಡು. 24ನ್ನು 1.414ರಿಂದ ಗುಣಿಸಿ, ಡಯೋಡಿನಲ್ಲಿ ಒಂದು ವೋಲ್ಟ್ ಬಿಟ್ಟುಕೊಡಿ. ಪ್ಲಸ್ 33, ಮೈನಸ್ 33 ಬರುತ್ತದೆ. ಟ್ರಾನ್ಸ್‌ಫಾರ್ಮರನ್ನು ಪಂಪ್‌ಸೆಟ್ ಮೋಟಾರ್ ಸುತ್ತುವ ವೈಂಡಿಂಗ್ ಅಂಗಡಿಯಲ್ಲೂ ಸುತ್ತಿಸಬಹುದು. ನಾನು ಒಮ್ಮೆ ಹಾಗೆ ಸುತ್ತಿಸಿ ಮೋಸ ಹೋದೆ. ತಾಮ್ರದ ದುಡ್ಡು ತಗೊಂಡು ಅಲ್ಯೂಮಿನಿಯಂ ಸುತ್ತಿ ಕೊಟ್ಟಿದ್ದರು. ವಾರ್ನಿಷ್ ಬಣ್ಣದಲ್ಲಿ ಗೊತ್ತೇ ಆಗಲಿಲ್ಲ. ತುದಿ ಕೆರೆದಾಗ ಬೆಳ್ಳಗೆ ಕಂಡಿತು. ಅದಕ್ಕೇ ದುಡ್ಡು ಕೊಡುವ ಮುಂಚೆ ಬ್ಲೇಡಿನಲ್ಲಿ ತುದಿ ಕೆರೆದು ನೋಡಿ.

ಬೋರ್ಡ್ ಜೋಡಿಸುವುದನ್ನು ನಾನು ಹೇಳುವುದಿಲ್ಲ. ಕಂಪನಿಯ ಹಾಳೆಯಲ್ಲಿ ಚಿತ್ರ ಇದೆ, ಹಾಗೇ ಮಾಡಿ. ಎರಡೇ ಮಾತು. ಒಂದು, ಎಂಟನೇ ಕಾಲು. ಅದು ಮ್ಯೂಟ್. ಅದನ್ನು ಒಂದು ರೆಸಿಸ್ಟರ್ ಮೂಲಕ ಮೈನಸ್ ಸಪ್ಲೈಗೆ ಎಳೆಯದಿದ್ದರೆ ಐಸಿ ಬಾಯಿ ಬಿಡುವುದಿಲ್ಲ. ಎಲ್ಲ ಸರಿ ಇದೆ, ಶಬ್ದ ಇಲ್ಲ ಅಂತ ನನ್ನ ಹತ್ತಿರ ಬಂದ ಬೋರ್ಡ್‌ಗಳಲ್ಲಿ ತುಂಬಾ ಸಲ ಸಿಕ್ಕಿದ ಕಾಯಿಲೆ ಇದೇ. ಎರಡು, ಗೇನ್, ಅಂದ್ರೆ ಇನ್‌ಪುಟ್ಟನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವುದನ್ನು, 10ಕ್ಕಿಂತ ಕಡಿಮೆ ಇಡಬೇಡಿ. ಶಬ್ದ ಜಾಸ್ತಿಯಾಯಿತು ಅಂತ ಒಬ್ಬ ಹುಡುಗ ಗೇನನ್ನು 5ಕ್ಕೆ ಇಳಿಸಿದ. ಹಾಡು ಹಾಕದಿದ್ದರೂ ಐಸಿಯ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್ ಸಿಂಕ್ ಕಾವಲಿಯ ಹಾಗೆ ಕಾಯುತ್ತಿತ್ತು. ಕಿವಿಗೆ ಕೇಳದಷ್ಟು ಮೇಲಿನ ಸ್ವರದಲ್ಲಿ ಅದು ಒಳಗೊಳಗೇ ಕೂಗಿಕೊಳ್ಳುತ್ತಿತ್ತು. ಇದರಲ್ಲಿ 21 ಇಟ್ಟಿದ್ದೇನೆ.

ಈಗ ಮುಖ್ಯ ವಿಷಯ. ಈ ಹಲಗೆ ನೋಡಿ. ಒಂದು ಹೋಲ್ಡರ್, ಒಂದು ಪ್ಲಗ್ ಪಾಯಿಂಟ್, ಒಂದು ಸ್ವಿಚ್. ಹೋಲ್ಡರಿನಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬು. ಇದನ್ನು ನಾವು ಸೀರೀಸ್ ಬೋರ್ಡ್ ಅಂತೀವಿ. ಪೆಟ್ಟಿಗೆಗೆ ಹೋಗುವ ಕರೆಂಟೆಲ್ಲ ಈ ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಎಲ್ಲ ಸರಿ ಇದ್ದರೆ ಎಳೆಯುವ ಕರೆಂಟ್ ತುಂಬಾ ಕಡಿಮೆ. ಬಲ್ಬು ಹತ್ತಿಯೂ ಹತ್ತದ ಹಾಗೆ ಇರುತ್ತದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಕರೆಂಟೆಲ್ಲ ಬಲ್ಬಿನಲ್ಲೇ ಖರ್ಚಾಗಿ ಪೆಟ್ಟಿಗೆ ಉಳಿಯುತ್ತದೆ. ಬಲ್ಬಿನ ತಂತಿ ತಣ್ಣಗಿದ್ದಾಗ ಅದರ ಓಮ್ ಕಡಿಮೆ, ಕಾದಾಗ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಹಾಗಾಗಿ ಒಳ್ಳೆಯ ಪೆಟ್ಟಿಗೆಗೆ ದಾರಿ ಬಿಡುತ್ತದೆ, ಕೆಟ್ಟ ಪೆಟ್ಟಿಗೆಗೆ ಅಡ್ಡ ನಿಲ್ಲುತ್ತದೆ. ಎಲ್‌ಇಡಿ ಬಲ್ಬು ಹಾಕಿದರೆ ಈ ಆಟ ನಡೆಯುವುದಿಲ್ಲ. ತಂತಿ ಬಲ್ಬು ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ. ಅಜ್ಜನ ಮನೆ ಅಟ್ಟದಲ್ಲಿ ಹುಡುಕಿ, ಸಿಕ್ಕರೆ ಬಟ್ಟೆ ಸುತ್ತಿ ಇಟ್ಟುಕೊಳ್ಳಿ.

ನೋಡಿ, ಸ್ವಿಚ್ ಹಾಕುತ್ತೇನೆ. ಒಮ್ಮೆ ಝಗ್ ಅಂತ ಹತ್ತಿತು, ಆರಿತು. ಕಂಡಿತಾ? ಆ ಝಗ್ ಅನ್ನುವುದು ಎರಡು ಕೆಪಾಸಿಟರ್ ತುಂಬಿಕೊಂಡಿದ್ದು. ಅದು ಆರಿದ್ದೇ ಒಳ್ಳೆಯ ಸುದ್ದಿ.

ಮೊದಲ ಸಲ ಇದೇ ಪೆಟ್ಟಿಗೆ ಹಾಕಿದಾಗ ಆರಲಿಲ್ಲ. ಪೂರ್ತಿ ಉರಿಯಿತು, ಮನೆಯಲ್ಲಿ ದೀಪ ಹಾಕಿದ ಹಾಗೆ. ತಕ್ಷಣ ತೆಗೆದೆ. ಏನಾಗಿತ್ತು ಅಂದ್ರೆ, ಈ ಐಸಿಯ ಬೆನ್ನಿನ ಲೋಹ ಇದೆಯಲ್ಲ, ಅದು ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಹೆಸರಿನ ಕೊನೆಯಲ್ಲಿ ಟಿಎಫ್ ಅಂತ ಇರುವ ಮಾದರಿಗೆ ಬೆನ್ನಿನ ಮೇಲೂ ಪ್ಲಾಸ್ಟಿಕ್ ಇರುತ್ತದೆ, ತೊಂದರೆ ಇಲ್ಲ. ನನ್ನದು ಬರೀ ಟಿ. ಅದನ್ನು ಹೀಟ್ ಸಿಂಕಿಗೆ ಬಿಗಿಯುವಾಗ ನಡುವೆ ಮೈಕಾ ಹಾಳೆ ಇಡಬೇಕು. ಮೈಕಾ ಅಂದ್ರೆ ಕಾಗೆಬಂಗಾರ. ಹಾಳೆ ಇಟ್ಟಿದ್ದೆ, ಎರಡೂ ಕಡೆ ಬಿಳಿ ಪೇಸ್ಟ್ ಹಚ್ಚಿದ್ದೆ. ಆದರೆ ಸ್ಕ್ರೂಗೆ ಹಾಕುವ ಪ್ಲಾಸ್ಟಿಕ್ ಬುಷ್ ಮರೆತಿದ್ದೆ. ಮೈಕಾ ದಾಟಿ ಸ್ಕ್ರೂ ತಾನೇ ಎರಡನ್ನೂ ಸೇರಿಸಿಬಿಟ್ಟಿತ್ತು. ಹೀಟ್ ಸಿಂಕ್ ಪೆಟ್ಟಿಗೆಗೆ ಸೇರಿದೆ, ಪೆಟ್ಟಿಗೆ ಅರ್ತಿಗೆ. ಅಂದ್ರೆ ಮೈನಸ್ 33 ವೋಲ್ಟ್ ನೇರ ಶಾರ್ಟ್. ಬಲ್ಬು ಇರದಿದ್ದರೆ ರೆಕ್ಟಿಫೈಯರ್ ಹೋಗುತ್ತಿತ್ತು, ಪುಣ್ಯ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರೂ ಹೋಗುತ್ತಿತ್ತು. ಖರ್ಚಾಗಿದ್ದು ಒಂದು ನೈಲಾನ್ ಬುಷ್.

ಮೂವತ್ತು ವರ್ಷ ಅನುಭವ ಇರುವವನು ಬುಷ್ ಮರೆಯುತ್ತಾನಾ ಅಂತ ನಗಬೇಡಿ. ಮರೆಯುತ್ತಾನೆ. ಅದಕ್ಕೇ ಬಲ್ಬು.

ಬಲ್ಬು ಆರಿದ ಮೇಲೂ ಸ್ಪೀಕರ್ ಹಾಕುವ ಹಾಗಿಲ್ಲ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಸ್ಪೀಕರ್ ಹಾಕುವ ಎರಡು ಟರ್ಮಿನಲ್ ನಡುವೆ ನೋಡಿ. ಇನ್‌ಪುಟ್ ಶಾರ್ಟ್ ಮಾಡಿರಬೇಕು. ಏನೂ ಹಾಡದೆ ಇರುವಾಗ ಅಲ್ಲಿ ಸೊನ್ನೆ ಇರಬೇಕು. ಸರಿಯಾಗಿ ಸೊನ್ನೆ ಯಾವತ್ತೂ ಬರುವುದಿಲ್ಲ. ಈಗ ಮೀಟರಿನಲ್ಲಿ ಎಷ್ಟಿದೆ, ಮುಂದಿನ ಸಾಲಿನವರು ಓದಿ. 9 ಮಿಲಿವೋಲ್ಟ್. ಒಳ್ಳೆಯದು. 50 ಮಿಲಿವೋಲ್ಟ್ ಒಳಗಿದ್ದರೆ ನಾನು ಒಪ್ಪುತ್ತೇನೆ. ಅಲ್ಲಿ 33 ವೋಲ್ಟ್ ಬಂದಿದ್ದರೆ? 8 ಓಮ್ ಸ್ಪೀಕರಿನ ಸುರುಳಿಯನ್ನು ಮೀಟರಿನಲ್ಲಿ ಅಳೆದರೆ 6 ಓಮ್ ತೋರಿಸುತ್ತದೆ. 33ರ ವರ್ಗವನ್ನು 6ರಿಂದ ಭಾಗಿಸಿ. 180 ವ್ಯಾಟ್. ಅದೂ ಹಾಡಲ್ಲ, ಶಬ್ದವಿಲ್ಲದ ಬಿಸಿ. ಕೋನ್ ಒಮ್ಮೆ ಟಪ್ ಅಂತ ಮುಂದಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ವಾರ್ನಿಷ್ ಸುಟ್ಟ ವಾಸನೆ. ಆ ವಾಸನೆ ಗೊತ್ತಿರುವವರು ಈ ಮೀಟರ್ ನೋಡುವುದನ್ನು ಮರೆಯುವುದಿಲ್ಲ.

ಕೆಪಾಸಿಟರ್ ಬಗ್ಗೆ ಒಂದು ಮಾತು. ಸ್ವಿಚ್ ತೆಗೆದ ತಕ್ಷಣ ಒಳಗೆ ಕೈ ಹಾಕಬೇಡಿ. ನಮ್ಮ ಯಜಮಾನರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುತ್ತಿದ್ದರು. ಅವರ ಸ್ಕ್ರೂಡ್ರೈವರಿನ ತುದಿ ಇಲಿ ಕಚ್ಚಿದ ಹಾಗೆ ಇತ್ತು. ನಾನು ಎರಡಕ್ಕೂ 2.2 ಕಿಲೋ ಓಮ್ ರೆಸಿಸ್ಟರ್ ಕಾಯಂ ಆಗಿ ಹಾಕಿಬಿಡುತ್ತೇನೆ. ಎರಡು ನಿಮಿಷದಲ್ಲಿ ಖಾಲಿಯಾಗುತ್ತದೆ.

ಇನ್ನು ಗುಂಯ್ ಶಬ್ದ. ಹಮ್ ಅಂತಾರಲ್ಲ, ಅದು. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗೆ ಇದು ಹುಟ್ಟುಕಾಯಿಲೆ. ಈ ಪೆಟ್ಟಿಗೆಗಿಂತ ಹಿಂದೆ ಕಟ್ಟಿದ್ದನ್ನು ನಮ್ಮೂರಿನ ಭಾಗವತರೊಬ್ಬರು ಮನೆಗೆ ತಗೊಂಡು ಹೋಗಿದ್ದರು, ಅಭ್ಯಾಸಕ್ಕೆ ಅಂತ. ಮಾರನೇ ದಿನ ವಾಪಸ್ ತಂದರು.

"ಪೆಟ್ಟಿಗೆ ಚೆನ್ನಾಗಿದೆ ಮಾರಾಯ. ಆದ್ರೆ ಅದು ಬಿಳಿ ಐದರಲ್ಲಿ ಶ್ರುತಿ ಹಿಡೀತದೆ, ನಾನು ಹಾಡೋದು ಕಪ್ಪು ಎರಡರಲ್ಲಿ" ಅಂದರು.

ನಾನು ನಕ್ಕೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ನಗು ನಿಂತಿತು. ಹಾರ್ಮೋನಿಯಂನ ಬಿಳಿ ಐದು, ತುಂಬಾ ಕೆಳಗಿನ ಸ್ಥಾಯಿಯಲ್ಲಿ, 98 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್. ಬ್ರಿಡ್ಜ್ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆ ತಿರುಗಿಸುವುದರಿಂದ ಅದು 100 ಆಗುತ್ತದೆ. ಭಾಗವತರ ಕಿವಿ ನನ್ನ ಮೀಟರಿಗಿಂತ ಮೊದಲೇ ಕಾಯಿಲೆ ಹೇಳಿಬಿಟ್ಟಿತ್ತು. 50 ಹರ್ಟ್ಸ್ ಆಗಿದ್ದರೆ ಶ್ರುತಿ ಒಂದು ಸ್ಥಾಯಿ ಕೆಳಗೆ ಇರುತ್ತಿತ್ತು, ಕಾರಣವೂ ಬೇರೆ ಆಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಹತ್ತಿರ ಇನ್‌ಪುಟ್ ವೈರ್ ಹೋಗಿದೆ ಅಥವಾ ಶೀಲ್ಡ್ ಬಿಟ್ಟಿದೆ ಅಂತ ಅರ್ಥ. 100 ಅಂದ್ರೆ ಗ್ರೌಂಡ್ ವೈರ್ ತಪ್ಪಾಗಿದೆ.

ಹೇಗೆ ಅಂದ್ರೆ, ಕೆಪಾಸಿಟರಿಗೆ ಕರೆಂಟ್ ಸಮವಾಗಿ ಹರಿದು ಬರುವುದಿಲ್ಲ. ಸೆಕೆಂಡಿಗೆ 100 ಸಲ ದೊಡ್ಡ ದೊಡ್ಡ ಗುಟುಕಾಗಿ ಬರುತ್ತದೆ. ಆ ಗುಟುಕು ಹೋಗುವ ವೈರಿನಲ್ಲಿ ಪ್ರತಿ ಸಲ ಸ್ವಲ್ಪ ವೋಲ್ಟೇಜ್ ಉಳಿಯುತ್ತದೆ. ತೀರಾ ಸ್ವಲ್ಪ. ಆದರೆ ಇನ್‌ಪುಟ್ಟಿನ ಗ್ರೌಂಡನ್ನು ಅದೇ ವೈರಿನ ನಡುವೆ ಎಲ್ಲೋ ಸೇರಿಸಿದರೆ, ಆ ಸ್ವಲ್ಪವೂ 21 ಪಟ್ಟು ದೊಡ್ಡದಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಟ್ರಾನ್ಸ್‌ಫಾರ್ಮರಿನ ನಡು ವೈರ್ ಮೊದಲು ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಬರಬೇಕು. ಅಲ್ಲಿಂದ ಒಂದೇ ದಪ್ಪ ವೈರ್ ಒಂದು ಬಿಂದುವಿಗೆ. ಸ್ಪೀಕರಿನದು, ಬೋರ್ಡಿನದು, ಇನ್‌ಪುಟ್ಟಿನದು ಎಲ್ಲ ಆ ಬಿಂದುವಿಗೆ ಬೇರೆ ಬೇರೆಯಾಗಿ ಬರಬೇಕು. ನಾನು ಸುಮ್ನೆ ಒಂದರ ಹಿಂದೆ ಒಂದು ಪೋಣಿಸಿಬಿಟ್ಟಿದ್ದೆ, ಹೂವಿನ ಮಾಲೆಯ ಹಾಗೆ. ಬಿಚ್ಚಿ ಕಟ್ಟಿದೆ, ಶ್ರುತಿ ನಿಂತಿತು.

ಒಂದು ಎಚ್ಚರಿಕೆ. ಹಮ್ ಹೋಗಲಿ ಅಂತ ಮೂರು ಪಿನ್ನಿನ ಅರ್ತ್ ಕಿತ್ತು ಹಾಕುವವರಿದ್ದಾರೆ. ಹಮ್ ಹೋಗುತ್ತದೆ, ನಿಜ. ಟ್ರಾನ್ಸ್‌ಫಾರ್ಮರ್ ಒಳಗೆ ಲೀಕ್ ಆದ ದಿನ ನೀವೂ ಹೋಗುತ್ತೀರಿ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತಗಡಿನ ಪೆಟ್ಟಿಗೆ ಮುಟ್ಟುವವರು ನಾವು. ಅರ್ತ್ ಮುಟ್ಟಬೇಡಿ.

ಇನ್ನೊಂದು ಕಾಯಿಲೆ ಶಿವಮೊಗ್ಗದವರಿಗೆ ಬರುತ್ತದೆ, ನನಗೂ ಬಂತು. ತಂಗಿಯ ಮನೆ ಇರುವುದು ಭದ್ರಾವತಿ ದಾರಿಯಲ್ಲಿ. ಅವಳ ಮಗನಿಗೆ ಒಂದು ಪೆಟ್ಟಿಗೆ ಕಟ್ಟಿಕೊಟ್ಟಿದ್ದೆ. ರಾತ್ರಿ ಫೋನ್ ಮಾಡಿದ. "ಮಾವ, ಏನೂ ಹಾಕಿಲ್ಲ, ಆದ್ರೂ ಒಳಗಿಂದ ಯಾರೋ ಮಾತಾಡ್ತಾ ಇದ್ದಾರೆ." ಹೋಗಿ ಕೇಳಿದೆ. ಮೆಲ್ಲಗೆ, ಸ್ವಚ್ಛ ಕನ್ನಡದಲ್ಲಿ ಕೃಷಿ ಮಾಹಿತಿ. ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್! ಇನ್‌ಪುಟ್ಟಿಗೆ ಎರಡು ಮೀಟರ್ ವೈರ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಸುಮ್ನೆ ಬಿಟ್ಟಿದ್ದ. ಆ ವೈರೇ ಏರಿಯಲ್ ಆಗಿತ್ತು. ಐಸಿಯ ಮೊದಲ ಟ್ರಾನ್ಸಿಸ್ಟರು ಡಯೋಡಿನ ಕೆಲಸ ಮಾಡಿ ಅಲೆಯಿಂದ ಮಾತನ್ನು ಬೇರೆ ಮಾಡುತ್ತಿತ್ತು. ಹಳೇ ಕ್ರಿಸ್ಟಲ್ ರೇಡಿಯೊ ಹೇಗೋ ಹಾಗೆ. ಇನ್‌ಪುಟ್ಟಿನಲ್ಲಿ 1 ಕಿಲೋ ಓಮ್ ಸೀರೀಸ್ ಹಾಕಿ, ಐಸಿಯ ಕಾಲಿನ ಹತ್ತಿರ 470 ಪಿಕೋಫ್ಯಾರಡ್ ಗ್ರೌಂಡಿಗೆ ಹಾಕಿದೆ. ಮಾತು ನಿಂತಿತು. ಭಾವನಿಗೆ ಬೇಜಾರಾಯಿತು. ಅಡಿಕೆ ರೇಟು ಪುಕ್ಕಟೆ ಬರುತ್ತಿತ್ತಲ್ಲ ಅಂದರು.

ಈಗ ವ್ಯಾಟ್ ಅಳೆಯೋಣ. ಪೂರ್ತಿ ಶಬ್ದದಲ್ಲಿ ಸ್ಪೀಕರ್ ಹಾಕಿ ಅಳೆದರೆ ಅಕ್ಕಪಕ್ಕದವರು ಬಂದು ನಿಮ್ಮನ್ನು ಅಳೆಯುತ್ತಾರೆ. ಸ್ಪೀಕರಿನ ಬದಲು ಒಂದು ಸುಮ್ಮನಿರುವ ರೆಸಿಸ್ಟರ್ ಬೇಕು. ಡಮ್ಮಿ ಲೋಡ್. 8 ಓಮ್, 100 ವ್ಯಾಟಿನ ರೆಸಿಸ್ಟರ್ ಬೆಂಗಳೂರಿನಿಂದ ತರಿಸಬಹುದು. ನಾನು ತಂದಿದ್ದು ಹಾರ್ಡ್‌ವೇರ್ ಅಂಗಡಿಯಿಂದ. ನೋಡಿ, ಒಲೆಗೆ ಹಾಕುವ ಹೀಟರ್ ಕಾಯಿಲ್. 2000 ವ್ಯಾಟಿನವು ಮೂರು. 230ರ ವರ್ಗವನ್ನು 2000ದಿಂದ ಭಾಗಿಸಿದರೆ 26 ಓಮ್ ಚಿಲ್ಲರೆ. ಮೂರನ್ನು ಪ್ಯಾರಲಲ್ ಮಾಡಿದರೆ 8.8 ಓಮ್. ಅಂಗಡಿಯ ಕಾಯಿಲ್ ಬರೆದಷ್ಟೇ ಇರುತ್ತದೆ ಅಂತ ನಂಬಬೇಡಿ, ಮೀಟರಿನಲ್ಲಿ ನೋಡಿಕೊಳ್ಳಿ. ಇದಕ್ಕೆ ಬೆಸುಗೆಯ ಲೆಡ್ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ಬಿಗಿಯಿರಿ. 6000 ವ್ಯಾಟ್ ತಡೆಯುವ ತಂತಿಗೆ ನಮ್ಮ ಐವತ್ತು ವ್ಯಾಟ್ ಯಾವ ಲೆಕ್ಕ? ಉಗುರು ಬೆಚ್ಚಗೆ ಆಗುತ್ತದೆ, ಅಷ್ಟೇ. ಆದರೂ ಕೈ ಇಟ್ಟು ನೋಡುವಾಗ ಆಫ್ ಮಾಡಿ.

ಅಳೆಯುವುದು ಹೀಗೆ. ಸೀರೀಸ್ ಬಲ್ಬು ತೆಗೆದು ನೇರ ಲೈನಿಗೆ ಹಾಕಿ. ಬಲ್ಬು ಇಟ್ಟುಕೊಂಡು ಪೂರ್ತಿ ಪವರ್ ಬರುವುದಿಲ್ಲ. ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಂಡು 200 ಹರ್ಟ್ಸ್ ಸೈನ್ ವೇವ್ ಕೊಡಿ. ಎಲ್ಲರೂ 1000 ಹರ್ಟ್ಸ್ ಅಂತಾರೆ, ನಾನು ಯಾಕೆ 200 ಅಂತೀನಿ? ಕಡಿಮೆ ಬೆಲೆಯ ಮೀಟರಿನ ಏಸಿ ಅಳತೆ 400 ಹರ್ಟ್ಸ್ ತನಕ ಮಾತ್ರ ನಂಬಿಕೆಗೆ ಅರ್ಹ. ಅದರ ಮೇಲೆ ಅದು ಬಾಯಿಗೆ ಬಂದಿದ್ದು ಹೇಳುತ್ತದೆ. ವಾಲ್ಯೂಮ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬರೆದುಕೊಳ್ಳಿ. ನಾನು ಮನೆಯಲ್ಲಿ ಬರೆದುಕೊಂಡಿದ್ದು ಇಲ್ಲಿದೆ. ಇನ್‌ಪುಟ್ ಕಾಲು ವೋಲ್ಟ್ ಕೊಟ್ಟಾಗ ಔಟ್‌ಪುಟ್ 5.2. ಅರ್ಧ ಕೊಟ್ಟಾಗ 10.5. ಮುಕ್ಕಾಲಿಗೆ 15.7. ಇಲ್ಲಿ ತನಕ ನೇರ ಗೆರೆ. 0.93ಕ್ಕೆ 19.5. ಆಮೇಲೆ 1 ವೋಲ್ಟ್ ಕೊಟ್ಟರೆ 21 ಬರಬೇಕು, 20.2 ಬಂತು. ಅಂದ್ರೆ ಅಲೆಯ ತಲೆ ಸೂರಿಗೆ ತಾಗಿತು. ಆಸಿಲೋಸ್ಕೋಪ್ ಇದ್ದರೆ ಅದು ಬೋಳಾಗಿದ್ದು ಕಣ್ಣಿಗೇ ಕಾಣುತ್ತದೆ. ಇಲ್ಲದವರಿಗೆ ಈ ಕಾಗದ ಪೆನ್ಸಿಲ್ ಸಾಕು. ತಾಗುವ ಮುಂಚಿನದನ್ನು ಹಿಡಿಯಿರಿ, 19.5. ಅದರ ವರ್ಗ 380. ಅದನ್ನು 8.8ರಿಂದ ಭಾಗಿಸಿದರೆ 43 ವ್ಯಾಟ್.

ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಕೊಟ್ಟು ಅಲೆ ನೋಡಬಹುದು ಅಂತ ಯಾರಾದರೂ ಹೇಳಿದರೆ, ನಡುವೆ ನೂರರಲ್ಲಿ ಒಂದಕ್ಕೆ ಇಳಿಸುವ ರೆಸಿಸ್ಟರ್ ಹಾಕಿದ್ದೀರಾ ಅಂತ ಕೇಳಿ. ನಾನು ಹಾಕದೆ 20 ವೋಲ್ಟನ್ನು ನೇರ ಕೊಟ್ಟೆ. ಮಗಳ ಲ್ಯಾಪ್‌ಟಾಪ್ ಅದು. ಈಗಲೂ ಮೈಕ್ ಇಲ್ಲ. ಈ ವಿಷಯ ಇಲ್ಲಿಗೇ ಬಿಡೋಣ.

ಈ 43 ವ್ಯಾಟ್ ಸಿಕ್ಕಿದ್ದು ಬೆಳಿಗ್ಗೆ, ಲೈನಿನಲ್ಲಿ 230 ಇದ್ದಾಗ. ಜೋಗದಲ್ಲಿ ಕರೆಂಟ್ ಶುರುವಾಗಿದ್ದು 1948ರಲ್ಲಿ. ಜೋಗ ನಮ್ಮದೇ ತಾಲ್ಲೂಕು. ಆದರೂ ಬೇಸಿಗೆ ಸಂಜೆ ತೋಟದ ಪಂಪ್‌ಗಳು ಶುರುವಾದರೆ ನಮ್ಮನೆಯಲ್ಲಿ 180 ಇರುತ್ತದೆ. ಆವತ್ತೇ ಅದೇ ಪೆಟ್ಟಿಗೆ, ಅದೇ ಕಾಯಿಲ್. ಲೆಕ್ಕ 25 ವ್ಯಾಟಿಗೂ ಕೆಳಗೆ ಇಳಿಯಿತು. ವೋಲ್ಟೇಜ್ ಕಾಲು ಭಾಗ ಹೋದರೆ ವ್ಯಾಟ್ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ಹಾಗಂತ ಕಿವಿಗೆ ಶಬ್ದ ಅರ್ಧ ಆದ ಹಾಗೆ ಕೇಳುವುದಿಲ್ಲ. ವ್ಯಾಟ್ ಅರ್ಧವಾದರೆ ಮೂರು ಡೆಸಿಬೆಲ್ ಕಡಿಮೆ, ಗಮನ ಕೊಟ್ಟರೆ ಮಾತ್ರ ತಿಳಿಯುತ್ತದೆ. 50 ವ್ಯಾಟ್ ಸಾಲದು, 100 ಕಟ್ಟಿಕೊಡಿ ಅಂತ ಬರುವವರಿಗೆ ನಾನು ಇದನ್ನೇ ಹೇಳುವುದು. ಆ ದುಡ್ಡಿಗೆ ಒಳ್ಳೆಯ ಸ್ಪೀಕರ್ ತಗೊಳ್ಳಿ. ಒಂದೇ ವ್ಯಾಟಿಗೆ ಮೂರು ಡೆಸಿಬೆಲ್ ಜಾಸ್ತಿ ಕೂಗುವ ಸ್ಪೀಕರ್ ಸಿಗುತ್ತದೆ, ಆಂಪ್ಲಿಫೈಯರ್ ಎರಡರಷ್ಟು ಮಾಡಿದ್ದಕ್ಕೆ ಸಮ.

ಬಿಸಿಯ ಬಗ್ಗೆ ಒಂದು ವಿಚಿತ್ರ ಇದೆ. ಪೂರ್ತಿ ವಾಲ್ಯೂಮಿನಲ್ಲಿ ಹೀಟ್ ಸಿಂಕ್ ಅತಿ ಹೆಚ್ಚು ಕಾಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಪೂರ್ತಿ ಪವರಿನ ಶೇಕಡಾ 40ರ ಹತ್ತಿರ ಅತಿ ಹೆಚ್ಚು. ಪೂರ್ತಿ ಏರಿಸಿದಾಗ ವೋಲ್ಟೇಜಿನ ಹೆಚ್ಚು ಪಾಲು ಸ್ಪೀಕರಿಗೆ ಹೋಗುತ್ತದೆ, ಐಸಿಯ ಮೇಲೆ ಉಳಿಯುವುದು ಕಡಿಮೆ. ನಡುವೆ ಇದ್ದಾಗ ಕರೆಂಟೂ ಇದೆ, ಐಸಿಯ ಮೇಲೆ ವೋಲ್ಟೇಜೂ ಉಳಿದಿದೆ. ಎರಡೂ ಸೇರಿ ಐಸಿ ಬೇಯುತ್ತದೆ. ಈ ಸಪ್ಲೈಗೆ, 8 ಓಮ್‌ಗೆ, ಲೆಕ್ಕ ಹಾಕಿದರೆ ಐಸಿಯಲ್ಲಿ ಸುಮಾರು 27 ವ್ಯಾಟ್ ಬಿಸಿ. ಆ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟೆ. ಆಫ್ ಮಾಡಿ ಹೀಟ್ ಸಿಂಕಿಗೆ ಅಂಗೈ ಇಟ್ಟು ಎಣಿಸಿದೆ. ಐದರ ತನಕ ಎಣಿಸಲು ಆಯಿತು. ಎರಡಕ್ಕೇ ಕೈ ತೆಗೆದಿದ್ದರೆ ದೊಡ್ಡ ಹೀಟ್ ಸಿಂಕ್ ಹುಡುಕಬೇಕಾಗುತ್ತಿತ್ತು.

ಒಬ್ಬಳು ಹುಡುಗಿ ಕೈ ಎತ್ತಿದ್ದಾಳೆ. ಹೇಳಮ್ಮ.

"ಸರ್, ಐಸಿ ಡೂಪ್ಲಿಕೇಟಾ ಅಂತ ಹೇಗೆ ಗೊತ್ತಾಗುತ್ತೆ?"

ಒಳ್ಳೆಯ ಪ್ರಶ್ನೆ. ನಾನು ಆನ್‌ಲೈನಿನಲ್ಲಿ ತರಿಸಿದ ನಾಲ್ಕರಲ್ಲಿ ಎರಡು ಡೂಪ್ಲಿಕೇಟ್. ಮೇಲಿನ ಅಕ್ಷರವನ್ನು ಥಿನ್ನರ್ ಹಚ್ಚಿದ ಹತ್ತಿಯಲ್ಲಿ ಉಜ್ಜಿದೆ, ಅಳಿಸಿಹೋಯಿತು. ಕೆಳಗೆ ಬೇರೆ ಏನೋ ಕೆರೆದ ಗುರುತು. ಅಕ್ಷರ ಅಳಿಸದಿದ್ದರೂ ಅಸಲಿ ಅಂತ ಗ್ಯಾರಂಟಿ ಇಲ್ಲ. ಸಪ್ಲೈ ಕೊಟ್ಟು, ಲೋಡ್ ಹಾಕಿ, ಈ ಕಾಯಿಲ್ ಮೇಲೆ ಅರ್ಧ ಗಂಟೆ ನಿಂತರೆ ಅಸಲಿ. ಡೂಪ್ಲಿಕೇಟ್ ಎರಡರಲ್ಲಿ ಒಂದು 10 ವ್ಯಾಟಿಗೇ ತಲೆ ಬೋಳಿಸಿಕೊಂಡಿತು. ಇನ್ನೊಂದು ಪಟ್ ಅಂತ ಒಡೆದು ಚೂರು ಮೇಲಕ್ಕೆ ಹಾರಿತು. ಅವತ್ತಿನಿಂದ ಮೊದಲ ಸಲ ಪವರ್ ಏರಿಸುವಾಗ ಬಗ್ಗಿ ನೋಡುವುದಿಲ್ಲ.

ಮಳೆಗಾಲದ ಮಾತು ಬೇಗ ಮುಗಿಸುತ್ತೇನೆ. ಬೆಸುಗೆ ಹಾಕುವಾಗ ಬಳಸಿ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿಕೊಳ್ಳುತ್ತದೆ. ಜುಲೈ ಬರುವ ಹೊತ್ತಿಗೆ ಬೂಷ್ಟು ಹಿಡಿದು ಕರಕರ ಶಬ್ದ ಶುರು. ಲೆಡ್ ಹಾಕಿದ ಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಥಿನ್ನರ್ ಹಚ್ಚಿ ತೊಳೆಯಿರಿ. ಹಾಗೇ, ಗಾಳಿಗೆ ಬಿಟ್ಟ ತೂತಿಗೆ ಒಳಗಿಂದ ಸಣ್ಣ ಜಾಲರಿ ಹಾಕಿ. ಮಳೆಗಾಲದಲ್ಲಿ ಬೆಚ್ಚಗಿರುವ ಜಾಗ ಹುಡುಕುವವರು ನಾವು ಮಾತ್ರ ಅಲ್ಲ. ಪ್ಲಸ್ 33, ಮೈನಸ್ 33ರ ನಡುವೆ ಅಡ್ಡ ಮಲಗಿದ ಹಲ್ಲಿಯೊಂದನ್ನು ನಾನು ಚಿಮಟದಲ್ಲಿ ತೆಗೆದಿದ್ದೇನೆ.

ಸರಿ. ಈಗ ಕಾಯಿಲ್ ತೆಗೆಯುತ್ತೇನೆ, ಸ್ಪೀಕರ್ ಹಾಕುತ್ತೇನೆ. ಒಳ್ಳೆಯ ಸ್ಪೀಕರ್ ಅಲ್ಲ, ಹೋದರೆ ಅಳದಿರುವ ಸ್ಪೀಕರ್. ಇನ್ನೊಂದು ಗಮನಿಸಿ, ಬಲ್ಬಿನ ಹಲಗೆಯನ್ನು ಮತ್ತೆ ಸೇರಿಸುತ್ತಿದ್ದೇನೆ. ಒಂದೇ ಒಂದು ವೈರ್ ಬದಲಾಯಿಸಿದರೂ ವಾಪಸ್ ಬಲ್ಬಿಗೆ, ಅದು ನನ್ನ ಮನೆಯ ಕಾನೂನು. ಸ್ವಿಚ್ ಹಾಕಿದೆ. ಝಗ್, ಆರಿತು. ಮೀಟರ್ 9 ಮಿಲಿವೋಲ್ಟ್. ಸ್ಪೀಕರಿನಲ್ಲಿ ಸಣ್ಣ ಟಪ್, ಆಮೇಲೆ ಏನೂ ಇಲ್ಲ. ಕಿವಿ ಕೋನಿಗೆ ತಾಗಿಸಿದರೂ ಬಿಳಿ ಐದು ಇಲ್ಲ.

ಅವತ್ತು ಅಲ್ಲಿ ಹಾಕಿದ್ದು ಆ ಭಾಗವತರೇ ಮೊಬೈಲಿನಲ್ಲಿ ಕಳಿಸಿದ ಅಭ್ಯಾಸದ ರೆಕಾರ್ಡಿಂಗ್. ಮೊದಲು ಅವರ ಆಲಾಪ, ಮದ್ದಳೆಯ ಮೆಲ್ಲನೆಯ ಗುಮುಕು. ಆಮೇಲೆ ಚಂಡೆ ಬಿತ್ತು. ಹುಡುಗರು ಸ್ಪೀಕರ್ ನೋಡುವುದು ಬಿಟ್ಟು ಹಲಗೆಯ ಕಡೆ ಬೆರಳು ಮಾಡಿದರು. ಚಂಡೆಯ ಉರುಳಿಕೆ ಏರಿದಾಗಲೆಲ್ಲ ಬಲ್ಬಿನ ತಂತಿ ಕೆಂಪಾಗುತ್ತಿತ್ತು, ಇಳಿದಾಗ ಮಂಕಾಗುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, ಹಾಲಿನ ಲೈಟ್ ಆರಿಸಿ ಅಂತ. ಆರಿಸಿದರು.